ಎರಡು ಗ್ರಾಫಿಕ್ಸ್ ಕಾರ್ಡುಗಳನ್ನು ನೊಗಕ್ಕೆ ಕಟ್ಟಿದ ಭಾನುವಾರ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಅವ್ವ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಸುಳ್ಳೇನಲ್ಲ. ಆದರೆ ಆ ಸಿಟ್ಟು ಇರದಿದ್ದರೆ ಹಳಿಯಾಳದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮೊದಲು ದನದ ಹಿಂಡಿ ತುಂಬಿಡುತ್ತಿದ್ದ ನಮ್ಮದೇ ಖೋಲಿಯಲ್ಲಿ, ನಾನು ಮೂರು ಕಂಪ್ಯೂಟರ್ ಇಟ್ಟು ಗೇಮ್ ಅಂಗಡಿ ತೆರೆಯುತ್ತಲೇ ಇರಲಿಲ್ಲ. ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಡಿಗ್ರಿ ಮುಗಿದಿತ್ತು, ಕಂಪ್ಯೂಟರ್ ಕೋರ್ಸೂ ಮುಗಿದಿತ್ತು. ಖೋಲಿ ಬೇಕೆಂದು ಹಟ ಹಿಡಿದು ಎರಡು ದಿನ ಊಟ ಬಿಟ್ಟೆ. ನಡುವೆ ಅವ್ವ ಹಿತ್ತಲಲ್ಲಿ ರೊಟ್ಟಿ ಕೊಟ್ಟದ್ದು ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.

ಅಪ್ಪ ಒಪ್ಪಿದ, ಆದರೆ ಒಂದು ಕರಾರಿನ ಮೇಲೆ. "ಈ ಯುಗಾದಿಯಿಂದ ಮುಂದಿನ ಯುಗಾದಿತನಾ ನೋಡೂಣು. ಆಮ್ಯಾಲೆ ಖೋಲಿ ಗೊಬ್ಬರದ ಅಂಗಡಿಯವ್ರಿಗೆ ಬಾಡಿಗಿ ಕೊಡಾಂವ" ಎಂದ. ಗೊಬ್ಬರದವರು ಆಗಲೇ ಬಂದು ಖೋಲಿಯ ಉದ್ದಗಲ ಅಳೆದು ಹೋಗಿದ್ದರು. ನನ್ನ ಅಂಗಡಿಗೆ ಅಪ್ಪ ಇಟ್ಟ ಹೆಸರು 'ಆಟದ ಗೂಡು'. ಹನ್ನೊಂದು ತಿಂಗಳು ಅವನು ಅದರ ಹೊಸ್ತಿಲು ತುಳಿಯಲಿಲ್ಲ. ದಿನಾ ಬೆಳಗ್ಗೆ ಓಣಿಯ ಆಚೆ ಬದಿಯಿಂದಲೇ ನಡೆದು ಚಹಾದಂಗಡಿಗೆ ಹೋಗುತ್ತಿದ್ದ, ಈ ಕಡೆ ಕತ್ತು ಕೂಡ ಹೊರಳಿಸುತ್ತಿರಲಿಲ್ಲ. ನನಗೆ ಅದು ಎಷ್ಟು ನೋಯುತ್ತಿತ್ತೆಂದರೆ, ಅವನು ಹಾದುಹೋಗುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ನಿಂತು ಜೋರಾಗಿ ಕಸ ಗುಡಿಸುತ್ತಿದ್ದೆ.

ಅಂಗಡಿ ಮಾತ್ರ ಚೆನ್ನಾಗಿಯೇ ನಡೆದಿತ್ತು, ಅದೂ ಯಾರೂ ಎಣಿಸದ ಗಿರಾಕಿಗಳಿಂದ. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಫ್ಯಾಕ್ಟರಿಯ ಮುಂದೆ ಟ್ರ್ಯಾಕ್ಟರುಗಳ ಪಾಳಿ ಹನುಮಂತನ ಬಾಲದಂತೆ ಬೆಳೆಯುತ್ತಿತ್ತು. ತೂಕದ ಪಾಳಿ ಬರುವವರೆಗೆ ಡ್ರೈವರುಗಳಿಗೆ ಅರ್ಧ ದಿನ ಕೆಲಸವಿಲ್ಲ. ಬೆಳಗಿನಿಂದ ಟ್ರ್ಯಾಕ್ಟರ್ ಹೊಡೆದು ದಣಿದ ಗಂಡಸರು ನನ್ನಲ್ಲಿಗೆ ಬಂದು, ಕಾಲು ಕೊಡವಿ, ಮೀಸೆ ತೀಡಿಕೊಂಡು ಕೂತು, ದಣಿವಾರಿಸಿಕೊಳ್ಳಲು ಕಾರು ಹೊಡೆಯುತ್ತಿದ್ದರು. ಮನುಷ್ಯನಿಗೆ ಏನು ಹೇಳುವುದು!

ಅಂಥವರಲ್ಲೊಬ್ಬ, ಮುಂಡಗೋಡ ಕಡೆಯ ಹಳ್ಳಿಯವ, ಐವತ್ತರ ಆಸುಪಾಸಿನ ಡ್ರೈವರ್, ಒಂದು ದಿನ ಆಟ ಅರ್ಧಕ್ಕೆ ಬಿಟ್ಟು ಎದ್ದ.

"ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ಮೊನ್ನೆ ದಾಂಡೇಲಿಯೊಳಗ ಇದ ಆಟ ಆಡಿದ್ನಿ. ಅಲ್ಲಿ ಕಾರಿನ ಬಾನೆಟ್ ಮ್ಯಾಲೆ ಮೋಡ ಕಾಣ್ತಾವ್ರಿ. ಕಾರ್ ಓಡಿದಂಗ ಮೋಡನೂ ಓಡ್ತಾವು. ನಿಮ್ಮಲ್ಲಿ ಬಾನೆಟ್ ಅಂದ್ರ ಬರೇ ಬಣ್ಣಾ ಬಳದ ತಗಡು."

ತಗಡು! ರಾತ್ರಿ ನಿದ್ದೆ ಹತ್ತಲಿಲ್ಲ. ಮೋಡಕ್ಕೆ ಬೇಕಾದದ್ದು ಏನೆಂದು ನನಗೆ ಗೊತ್ತಿತ್ತು. ಕಂಪ್ಯೂಟರಿನೊಳಗೆ ಚಿತ್ರ ಬರೆಯುವ ಕೆಲಸಕ್ಕೇ ಒಂದು ಹಲಗೆ ಇರುತ್ತದೆ, ಗ್ರಾಫಿಕ್ಸ್ ಕಾರ್ಡು. ನನ್ನ ಮಷೀನುಗಳಲ್ಲಿ ಅದು ಹೆಸರಿಗಷ್ಟೇ ಇತ್ತು. ಬಾಗಿಲ ಪಕ್ಕದ, ಹೋಗುಬರುವವರಿಗೆಲ್ಲ ಕಾಣುವ ಮಷೀನಿಗಾದರೂ ಒಳ್ಳೆಯದೊಂದು ಹಾಕಬೇಕು. ಹುಬ್ಬಳ್ಳಿಯ ವ್ಯಾಪಾರಿಗೆ ಫೋನ್ ಮಾಡಿದೆ. ಅವನಲ್ಲಿ ಎರಡಿದ್ದವು: ಕೆಂಪು ಡಬ್ಬಿಯದೊಂದು, ಬಿಳಿ ಡಬ್ಬಿಯದೊಂದು. ಬಿಳಿಯದರ ಎರಡರಷ್ಟು ಕೆಂಪಿನ ಬೆಲೆ. ಯಾವುದು ಚಲೋ ಎಂದರೆ, ವ್ಯಾಪಾರಿ ಇನ್ನೇನು ಹೇಳಿಯಾನು, "ದುಬಾರಿದು ಚಲೋ ಮೇಡಂ" ಎಂದ.

"ಕಟ್ಟಿ ನೋಡಲಾರದ ನಾವು ಏನೂ ಕೊಳ್ಳಂಗಿಲ್ರಿ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಅದು ನನ್ನ ಮಾತಲ್ಲ, ದನದ ಪೇಟೆಯಲ್ಲಿ ಅಪ್ಪ ಆಡುವ ಮಾತು. ಆ ಮನುಷ್ಯ ನಕ್ಕ, ಆದರೂ ಎರಡು ದಿನಗಳ ಮಟ್ಟಿಗೆ ಎರಡನ್ನೂ ಬಸ್ಸಿನ ಕಂಡಕ್ಟರನ ಕೈಲಿ ಕಳಿಸಿಕೊಟ್ಟ.

ಶನಿವಾರ ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಈ ಸಂಗತಿ ಹೇಳುತ್ತಿದ್ದೆ. ಎರಡು ಬಂದಿವೆ, ನಾಳೆ ಒಂದೇ ಮಷೀನಿಗೆ ಒಂದಾದ ಮೇಲೊಂದು ಹಾಕಿ ನೋಡಿ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಸೋಮವಾರದ ಬಸ್ಸಿಗೆ ಹಾಕುತ್ತೇನೆ ಅಂತ. ಅಪ್ಪನ ಕೈಯ ರೊಟ್ಟಿ ತುತ್ತು ಅಲ್ಲೇ ನಿಂತಿತು.

"ಒಂದ ನೊಗಕ್ಕ ಎರಡೂ ಕಟ್ಟಿ ನೋಡಾಕಿ ಏನು?"

"ಹೂಂ."

"ನಡಿಗಿ ಯಾರು ನೋಡವ್ರು?"

"ನಾನ."

"ಕಟ್ಟಿದಾವ್ರು ನಡಿಗಿ ನೋಡಬಾರದು" ಎಂದ ಅಪ್ಪ. "ಕಟ್ಟಿದಾವ್ರ ಮನಸು ಮೊದಲ ಒಂದರ ಮ್ಯಾಲೆ ಕುಂತಿರತೈತಿ. ಬಾಜೂಕ ನಿಂತಾವ್ರು ನೋಡಬೇಕು."

ಎತ್ತು ನೋಡುವುದರಲ್ಲಿ ಅಪ್ಪ ಸುತ್ತ ಹತ್ತೂರಿಗೆ ಪ್ರಮಾಣ. ಹಲ್ಲು, ಗೊರಸು, ಸುಳಿ ಎಲ್ಲ ನೋಡಿ, ಕೊನೆಗೆ ತನ್ನ ಚಕ್ಕಡಿಗೆ ತನ್ನದೇ ಹೇರು ಹಾಕಿ ಎಳೆಸಿ ನೋಡದೆ ಬಾಯಿ ಬಿಡುತ್ತಿರಲಿಲ್ಲ. ಅಂಥವನು ಮಾರನೆಯ ದಿನ ಮಧ್ಯಾಹ್ನ ಓಣಿ ದಾಟಿ, ಚಪ್ಪಲಿ ಬಿಟ್ಟು, ನನ್ನ ಅಂಗಡಿಯೊಳಗೆ ಬಂದು ನಿಂತ. ಮಗಳ ಅಂಗಡಿಗಾಗಿ ಅಲ್ಲ, ನಡಿಗೆ ನೋಡುವುದಕ್ಕಾಗಿ. ಹಿಂದೆಯೇ ವಿಭೂತಿ ಹಿಡಿದುಕೊಂಡು ಅವ್ವ. ಕಾರ್ಡಿಗೇ ಹಚ್ಚಲು ಹೋದವಳನ್ನು ಚೀರಿ ತಡೆದೆ. ಎರಡೂ ಡಬ್ಬಿಗಳ ಮೇಲೆ ಹಚ್ಚಿದಳು.

"ವಾಪಸ್ ಹೋಗೂದಕ್ಕೂ ಹಚ್ಚತೀಯಲ್ಲ ಯವ್ವಾ?"

"ಹೋಗೂದಕ್ಕ ಮೊದಲ ಹಚ್ಚಬೇಕು. ಪರರ ಮನಿ ಸೇರತೈತಿ, ಪಾಪ."

ಅಪ್ಪ ಎರಡು ಕಾರ್ಡನ್ನೂ ಕೈಯಲ್ಲಿ ಹಿಡಿದು ಹೊರಳಿಸಿ ಹೊರಳಿಸಿ ನೋಡಿದ. ಕೆಂಪು ಡಬ್ಬಿಯದರ ಮೇಲೆ ಪುಟ್ಟ ಫ್ಯಾನುಗಳೆರಡು, ಬಿಳಿಯದರ ಮೇಲೆ ಒಂದೇ. "ಇದಕ್ಕ ಎರಡು ಸುಳಿ" ಎಂದು ಗಂಭೀರವಾಗಿ ಹೇಳಿದ, "ನೋಡಿ ತಗೋಬೇಕು." ಹೆಸರನ್ನೂ ಅವನೇ ಇಟ್ಟ: ಕೆಂಪ್ಯಾ ಮತ್ತು ಬಿಳ್ಯಾ. ನಾನು ನಗು ತಡೆಯಲು ಕ್ಯಾಬಿನೆಟ್ಟಿನೊಳಗೆ ತಲೆ ಹಾಕಿ ಸ್ಕ್ರೂ ಬಿಚ್ಚುತ್ತ ಕೂತೆ.

ಮೊದಲು ಬಿಳ್ಯಾ, ಆಮೇಲೆ ಕೆಂಪ್ಯಾ. ಓಡಿಸುವುದಕ್ಕೆ ಆ ಮುಂಡಗೋಡ ಕಡೆಯ ಡ್ರೈವರನನ್ನೇ ಕೂರಿಸಿದೆ, ಮೋಡದ ಮಾತು ತೆಗೆದವನು ಅವನೇ ತಾನೆ. ಅಲ್ಲೇ ನಾನು ಎಡವಿದ್ದು. ಇಪ್ಪತ್ತು ವರ್ಷ ಎರಡು ಟ್ರೇಲರ್ ಕಬ್ಬು ಎಳೆದ ಕೈ. ಆಟದ ರಸ್ತೆಯಲ್ಲೂ ಹಿಂದೆ ಕಬ್ಬು ಇದೆಯೇನೋ ಎಂಬಂತೆ ಎಡಬದಿ ಬಿಡಲಿಲ್ಲ, ತಿರುವು ಬಂತೆಂದರೆ ಫರ್ಲಾಂಗು ಮೊದಲೇ ಬ್ರೇಕು. ಹಿಂದಿನಿಂದ ಬಂದ ಕಾರುಗಳಿಗೆಲ್ಲ ದಾರಿ ಬಿಟ್ಟುಕೊಟ್ಟ. "ಹೋಗಲಿ ಬಿಡ್ರಿ, ಅವ್ರಿಗೆ ಏನೋ ಅವಸರ ಇರಬೇಕು" ಎಂದ. ರೇಸಿನಲ್ಲಿ! ಬಿಳ್ಯಾನಲ್ಲಿ ಕೊನೆಯವನಾಗಿ ಬಂದ, ಕೆಂಪ್ಯಾನಲ್ಲೂ ಕೊನೆಯವನಾಗಿಯೇ ಬಂದ. ಎರಡರ ನಡಿಗೆಯಲ್ಲೂ ಎಳ್ಳಷ್ಟು ವ್ಯತ್ಯಾಸ ಕಾಣಲಿಲ್ಲ.

ಅಪ್ಪನ ತಾಳ್ಮೆ ಕೆಟ್ಟಿತು. "ಈ ಮನಷ್ಯಾ ಹೊಡದ್ರ ಕುದರಿನೂ ಎಮ್ಮಿ ಆಗತೈತಿ. ಎದ್ದೇಳೋ ಮಾರಾಯಾ! ಮಗಳ, ನೀ ಹೊಡಿ. ಮತ್ತ ಖಾಲಿ ಚಕ್ಕಡಿ ಎಳಸಿ ಎತ್ತು ನೋಡ್ತಾರೇನು? ಹೇರು ಹಾಕು."

ಹೇರು! ಅದು ನನಗೆ ಹೊಳೆದೇ ಇರಲಿಲ್ಲ. ಆಟದ ಸೆಟ್ಟಿಂಗಿಗೆ ಹೋಗಿ ಇದ್ದಬದ್ದದ್ದನ್ನೆಲ್ಲ ಏರಿಸಿದೆ. ನೆರಳು, ಒದ್ದೆ ರಸ್ತೆಯ ಹೊಳಪು, ಗಿಡದ ಎಲೆ, ಬಾನೆಟ್ಟಿನ ಮೇಲಿನ ಮೋಡ, ಯಾವುದನ್ನೂ ಬಿಡಲಿಲ್ಲ. ಕೆಂಪ್ಯಾ ಒಳಗೇ ಇತ್ತು. ಕೂತು ಹೊಡೆದೆ. ಯಾರಿಗೂ ದಾರಿ ಬಿಡಲಿಲ್ಲ, ಅದು ನನ್ನ ಜಾಯಮಾನವೇ ಅಲ್ಲ. ಮೋಡಗಳು ಬಾನೆಟ್ಟಿನ ಮೇಲೆ ಹರಿದವು, ಬಾಗಿಲಲ್ಲಿ ಗುಂಪುಗೂಡಿದ್ದ ಡ್ರೈವರುಗಳು ಹೋ ಎಂದು ಕೂಗಿದರು. ನನ್ನ ಬೆನ್ನ ಹಿಂದೆ ಅಪ್ಪ "ಹಗ್ಗಾ ಬಿಡು! ಬಿಡು ಹಗ್ಗಾ!" ಎಂದು ಅವರೆಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ನಾನು ಮೊದಲನೆಯವಳಾಗಿ ಬಂದೆ. ಬದುಕಿನಲ್ಲಿ ಅಷ್ಟು ಖುಷಿಯಾದ ದಿನಗಳು ನನಗೆ ಹೆಚ್ಚು ನೆನಪಿಲ್ಲ.

ಮತ್ತೆ ಸ್ಕ್ರೂ ಬಿಚ್ಚಿ ಬಿಳ್ಯಾ ಹಾಕಿದೆ. ಅದೇ ಕಾರು, ಅದೇ ರಸ್ತೆ, ಅದೇ ಹೇರು. ಎರಡನೆಯ ತಿರುವಿಗೇ ಬಿಳ್ಯಾನ ಉಸಿರು ಕಟ್ಟಿತು. ಚಿತ್ರ ತಡೆತಡೆದು ಬಂತು, ಮೋಡ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯಿತು, ನಾನು ಹೋಗಿ ಗೋಡೆಗೆ ಬಡಿದೆ.

"ಮುಗೀತಲ್ಲ. ಕೆಂಪ್ಯಾನ" ಎಂದೆ.

"ತಡಿ" ಎಂದ ಅಪ್ಪ. "ಕಾರಿನ ಓಟ ಬಿಡು, ಚಿತ್ರದ ನಡಿಗಿ ನೋಡು. ಕೆಂಪ್ಯಾಗ ಹೇರು ಹಾಕಿದಾಗ ನಡಿಗಿ ಕಡಿಮಿ ಆಗಲಿಲ್ಲ, ಖರೆ. ಆದ್ರ ಹೇರು ಇಲ್ಲದಾಗೂ ಅದ ನಡಿಗಿ. ಖಾಲಿ ಇದ್ದಾಗ ಓಡಬೇಕಿತ್ತು, ಯಾಕ ಓಡಲಿಲ್ಲ? ಅದರ ಜೋಡಿ ಯಾವುದೈತಿ ಒಳಗ?"

ನಾನು ತೆರೆದ ಕ್ಯಾಬಿನೆಟ್ಟಿನೊಳಗೆ ಬೆರಳು ಮಾಡಿ ಪ್ರೊಸೆಸರನ್ನು ತೋರಿಸಿದೆ. ಲೆಕ್ಕ ಮಾಡುವುದು ಇದು, ಆ ಲೆಕ್ಕ ನೋಡಿ ಚಿತ್ರ ಬರೆಯುವುದು ಅದು ಎಂದೆ. ನಾನು ಮಷೀನು ಕೊಂಡದ್ದು ಸೆಕೆಂಡ್‌ಹ್ಯಾಂಡ್, ಪ್ರೊಸೆಸರು ನಾಲ್ಕು ವರ್ಷ ಹಳೆಯದು.

"ಇದು ಮುದಿ ಎತ್ತು" ಎಂದ ಅಪ್ಪ. "ಇದು ಎಷ್ಟು ನಡೀತೈತಿ ಅಷ್ಟ ಕೆಂಪ್ಯಾನೂ ನಡೀಬೇಕು. ಎತ್ತು ಏರಿಗಿ ಎಳದ್ರ ಕ್ವಾಣ ನೀರಿಗಿ ಎಳೀತು ಅಂತಾರಲ್ಲ, ಹಂಗ. ಪ್ರಾಯದ ಎತ್ತಿಗಿ ರೊಕ್ಕಾ ಕೊಟ್ಟು ಮುದಿ ಎತ್ತಿನ ನಡಿಗಿ ಕೊಂಡಂಗ ಆತು."

ಇದೇ ಮಾತನ್ನು ಕಂಪ್ಯೂಟರ್ ಪತ್ರಿಕೆಯೊಂದರಲ್ಲಿ ಐದು ಸಲ ಓದಿದ್ದೆ, ಐದು ಸಲವೂ ತಲೆಗೆ ಹತ್ತಿರಲಿಲ್ಲ. ಮೌಸು ಹಿಡಿಯಲು ಬಾರದ ಮನುಷ್ಯ ಒಂದು ಮಧ್ಯಾಹ್ನದಲ್ಲಿ ಕಂಡುಹಿಡಿದುಬಿಟ್ಟ. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು, ಸೋತೆನಲ್ಲ ಎಂದು ಸಿಟ್ಟೂ ಬಂತು.

ಅಷ್ಟರಲ್ಲಿ ಕರೆಂಟು ಹೋಯಿತು. ನಾಡಿಗೆಲ್ಲ ಕರೆಂಟು ಕೊಡುವ ಸೂಪಾ ಅಣೆಕಟ್ಟು ನಮ್ಮ ಮಗ್ಗುಲಲ್ಲೇ ಇದೆ. ಆದರೂ ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಹಳಿಯಾಳಕ್ಕೇ ಹೇಳಿ ಮಾಡಿಸಿದ ಗಾದೆ. ಮಷೀನಿನ ಪ್ಲಗ್ಗು ಕಿತ್ತೆ. ಬಾಗಿಲಲ್ಲಿ ನಿಂತವರು ಮುಂದೇನು ಎಂದು ನೋಡುತ್ತಲೇ ಇದ್ದರು.

"ಹಂಗಾದ್ರ ಬಿಳ್ಯಾ ಸಾಕು ಅಂತೀಯೇನು?" ಎಂದು ಕೇಳಿದೆ.

"ನೀ ಹೇಳು. ಅಂಗಡಿ ನಿಂದು."

ನಾನು ಹೇಳಿದೆ. "ಅಪ್ಪಾ, ಬರೇ ಯುಗಾದಿತನಾ ಅಂದ್ರ ಬಿಳ್ಯಾನ ಬರೋಬರಿ. ಸ್ವಲ್ಪ ಹೇರು ಇಳಿಸಿದ್ರ ಚಂದಾಗಿ ನಡೀತೈತಿ, ರೊಕ್ಕಾನೂ ಉಳೀತೈತಿ, ಇರೂದು ಒಂದು ತಿಂಗಳಾ. ಆದ್ರ ಅಂಗಡಿ ಮುಂದನೂ ಇರೂದಾದ್ರ ಕೆಂಪ್ಯಾ ಬೇಕು. ಯಾಕಂದ್ರ ಮುದಿ ಎತ್ತು ಯಾವಾಗರ ಬದಲ ಮಾಡಬೌದು. ಆವಾಗ ಬಿಳ್ಯಾ ಹಿಂದ ಬೀಳತೈತಿ, ಕೆಂಪ್ಯಾ ಓಡತೈತಿ. ಈಗ ಯಾವುದು ತಗೋಬೇಕು ಅನ್ನೂದು ನನ್ನ ಕೈಯಾಗಿಲ್ಲ. ನಿನ್ನ ಕೈಯಾಗೈತಿ."

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದ, ಬಲಗೈ ಮೇಲೆ ಹೊದಿಸಿಕೊಂಡ, ನನ್ನತ್ತ ಚಾಚಿದ.

"ಹಿಡಿ" ಎಂದ.

ದನದ ಪೇಟೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಇಬ್ಬರೂ ಕೈ ಹಾಕಿ, ಒಬ್ಬರ ಬೆರಳು ಇನ್ನೊಬ್ಬರು ಹಿಡಿದು, ಸುತ್ತ ನಿಂತವರಿಗೆ ತಿಳಿಯದ ಹಾಗೆ ಮಾತು ಮುಗಿಸುತ್ತಾರೆ. ಅದು ವ್ಯಾಪಾರಸ್ಥರ ಕೈ. ನಮ್ಮ ಮನೆಯ ಹೆಣ್ಣುಮಕ್ಕಳ ಕೈ ಯಾವತ್ತೂ ಆ ಟವೆಲ್ಲಿನ ಕೆಳಗೆ ಹೋದದ್ದಿಲ್ಲ.

"ಬಿಳ್ಯಾಗ ಒಂದು ಬಟ್ಟು, ಕೆಂಪ್ಯಾಗ ಎರಡು" ಎಂದ ಅಪ್ಪ. ಮುಖದ ಮೇಲೆ ಪೇಟೆಯ ಕಳೆ, ಏನೂ ಗೊತ್ತಾಗುವಂತಿರಲಿಲ್ಲ.

ಕೈ ಹಾಕಿದೆ. ಒರಟು ಅಂಗೈ. ಅವನ ಎರಡು ಬೆರಳನ್ನು ಹುಡುಕಿ ಗಟ್ಟಿಯಾಗಿ ಹಿಡಿದೆ. ಅಪ್ಪ ಕೈ ಬಿಡಿಸಿಕೊಂಡು, ನನ್ನ ಕೈ ಹಿಡಿದು, ಒಂದಲ್ಲ ಎರಡಲ್ಲ, ಮೂರು ಬೆರಳು ಒತ್ತಿದ.

"ಅಪ್ಪಾ, ಇರೂವ ಎರಡು" ಎಂದೆ.

"ಕೆಂಪ್ಯಾಗ ಜೋಡಿ ಬ್ಯಾಡೇನು?" ಎಂದ ಮೆಲ್ಲಗೆ. "ಮುಂದಿನ ಹಂಗಾಮಿಗೆ ಸರಿಜೋಡಿ ತರೂಣು. ಇಬ್ರೂ ಕೂಡೇ ಹುಬ್ಬಳ್ಳಿಗೆ ಹೋಗಿ, ಕಟ್ಟಿ ನೋಡಿ ತರೂಣು."

ನಾನು ಅತ್ತೆ, ಅಳುತ್ತಲೇ ನಕ್ಕೆ, ಕೈ ಮಾತ್ರ ಟವೆಲ್ಲಿನ ಕೆಳಗಿನಿಂದ ತೆಗೆಯಲಿಲ್ಲ. ಬಾಗಿಲಲ್ಲಿದ್ದ ಆ ನಿಧಾನದ ಡ್ರೈವರನಿಗೆ ಕುತೂಹಲ ತಡೆಯಲಾಗಲಿಲ್ಲ.

"ಯಜಮಾನ್ರ, ಯಾವುದಕ್ಕ ಮುಗೀತ್ರಿ?"

ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ, ನನ್ನ ಕಡೆ ಗದ್ದ ಎತ್ತಿ ತೋರಿಸಿದ.

"ನನ್ನ ಏನ್ ಕೇಳ್ತಿ? ಮಾಲಕರು ಅಲ್ಲೇ ನಿಂತಾರಲ್ಲ, ಅವ್ರನ್ನ ಕೇಳು."