ಅವ್ವನ ಕೆಮ್ಮು

ಬಚ್ಚಲಿಗೆ ಆಸಿಡ್ ಸುರಿದು ಉಜ್ಜುತ್ತಿದ್ದ ನಾನು ಕೆಮ್ಮುತ್ತಾ ಹೊರಗೆ ಓಡಿ ಬಂದು ಗೋಡೆ ಹಿಡಿದುಕೊಂಡೆ. ಮನೆಯವರೆಲ್ಲ ನಕ್ಕರು. ತಪ್ಪು ಅವರದಲ್ಲ. ಕೌದಳ್ಳಿಯ ನಮ್ಮ ಮನೆಯಲ್ಲಿ ವಾರವಾರ ಬಚ್ಚಲು ತೊಳೆಯುತ್ತಿದ್ದವಳು ಅವ್ವ. ತೊಳೆದು ಬಂದ ಮೇಲೆ ಅವಳು ಕೆಮ್ಮುವ ರೀತಿಯನ್ನು ನೆಂಟರಿಗೆಲ್ಲ ಮಾಡಿ ತೋರಿಸುವುದು ನನ್ನ ಕಸುಬು. ಅಂದು ಅವಳಿಗೆ ಮಂಡಿನೋವು ಎಂದು ಕೆಲಸ ನನ್ನ ಪಾಲಿಗೆ ಬಂದಿತ್ತು.

"ಇವತ್ತು ಪಸಂದಾಗಿ ಮಾಡ್ದೆ ಕಣ್ಲಾ" ಎಂದರು ಚಿಕ್ಕಪ್ಪ. ಉಸಿರು ಸಿಗದೆ ಕೈಯಾಡಿಸಿದೆ. ಅದಕ್ಕೂ ಚಪ್ಪಾಳೆ ಬಿತ್ತು.

ಅವ್ವ ಮಾತ್ರ ಕುಂಟುತ್ತಾ ನೀರು ತಂದಳು. "ನಾಟ್ಕ ಅಲ್ಲ, ಸುಮ್ಕಿರಿ. ನಂಗೂ ಇಂಗೇ ಆಗೋದು."

ಯಾರೂ ನಗಲಿಲ್ಲ. ನಾನಂತೂ ಎರಡು ವರ್ಷದಿಂದ ಅದನ್ನೇ ತೋರಿಸಿ ನಗಿಸುತ್ತಾ ಬಂದಿದ್ದೆ.

ಈಗ ಆಸಿಡ್ ಬಿಟ್ಟು, ಹನೂರು ಸಂತೆಯಿಂದ ಅಂಟುವಾಳದ ಕಾಯಿ ತಂದು, ನಿಂಬೆ ಸಿಪ್ಪೆಯೊಂದಿಗೆ ಕುದಿಸಿ, ಆ ನೀರನ್ನು ಬಚ್ಚಲಿಗೆ ಹಾಕಿ ಅರ್ಧ ಗಂಟೆ ಬಿಟ್ಟು ಉಜ್ಜುತ್ತೇವೆ. ಒಂದು ವಾರ ಅವ್ವ, ಒಂದು ವಾರ ನಾನು. ಕಲೆ ಹೋಗುತ್ತದೆ, ರಟ್ಟೆಯೂ ಬಿದ್ದುಹೋಗುತ್ತದೆ. ಮೊನ್ನೆ ನೆಂಟರು ಅವ್ವನ ಕೆಮ್ಮು ಮಾಡಿ ತೋರಿಸು ಎಂದರು. ಪ್ರಯತ್ನಿಸಿದೆ. ಕೇಳಿ ಬಹಳ ದಿನವಾಗಿದೆ, ಸರಿಯಾಗಿ ಬರಲಿಲ್ಲ.