ಒಂದು ಗೀರಿನ ತೋಟ

ಹೂತುಹೋದ ಉಗರಿತ್ ಪಟ್ಟಣದ ಮಣ್ಣಿನ ಫಲಕಗಳನ್ನು ಓದುವುದರಲ್ಲೇ ಅವಳ ತಲೆ ನರೆತಿತ್ತು. ಮೂರು ಸಾವಿರ ವರ್ಷಕ್ಕೂ ಹಿಂದಿನ ಆ ಬರಹದಲ್ಲಿ ಸ್ವರಗಳು ಕಾಣುವುದೇ ಅಪರೂಪ. ಒಂದು ಗೀರು ಆಚೀಚೆಯಾದರೆ ಅರ್ಥವೇ ತಲೆಕೆಳಗು. ಅವಳಿದ್ದ ವಸ್ತುಸಂಗ್ರಹಾಲಯದ ಒಂದು ಒಡಕು ಫಲಕದ ಕೊನೆಯ ಸಾಲಿನಲ್ಲಿ ಯಾರಿಂದಲೂ ಬಿಡಿಸಲಾಗದ ಪದವೊಂದಿತ್ತು. ಅಲ್ಲಿ ನೆಟ್ಟಗಿನ ಗೀರೊಂದನ್ನು ಕಂಡವಳು ಅವಳೇ. ಅದು ಗಕಾರ, ಪದದ ಅರ್ಥ ‘ತೋಟ’ ಎಂದು ಬರೆದಳು. ಹೆಸರು ಬಂತು, ಜೊತೆಗೆ ಹೊಟ್ಟೆಕಿಚ್ಚಿನವರೂ ಬಂದರು.

ಅವಳ ಓದನ್ನು ಮೊದಲಿಂದಲೂ ಒಪ್ಪದ ಮೀಸೆ ಪ್ರೊಫೆಸರ್ ಒಂದು ದಿನ ಆ ಫಲಕದ ಹಳೆಯ ಫೋಟೊ ಕಳಿಸಿದರು. ಅದರಲ್ಲಿ ಗೀರೇ ಇರಲಿಲ್ಲ.

“ಈ ಮನುಷ್ಯ ಫೋಟೊ ತಿದ್ದಿದಾನೆ ಕಣ್ರೀ,” ಎಂದಳು ಊಟದ ಹೊತ್ತಿಗೆ ಗಂಡನಿಗೆ. ಫಲಕಗಳ ಉಪ್ಪು, ಧೂಳು ತೆಗೆದು ಶುಚಿ ಮಾಡುವುದು ಅದೇ ಸಂಗ್ರಹಾಲಯದಲ್ಲಿ ಅವನ ಕೆಲಸ.

“ಇದ್ರೂ ಇರಬಹುದು,” ಎಂದವನು ತಟ್ಟೆಯಿಂದ ತಲೆಯೆತ್ತಲಿಲ್ಲ.

ಮೀಸೆಯ ಹೆಸರೆತ್ತಿದರೆ ಸಾಕು, ಅವಳಿಗಿಂತ ಮೊದಲು ಹಾರಾಡುತ್ತಿದ್ದವನು ಇವನು. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಫಲಕ ತನ್ನ ಮೇಜಿಗೆ ಬರುವ ಮೊದಲು ಯಾರ ಮೇಜಿನ ಮೇಲಿತ್ತು?

ಮರುದಿನ ಫಲಕ ತರಿಸಿ, ಪರದೆ ಎಳೆದು, ದೀಪವನ್ನು ಪಕ್ಕದಿಂದ ಹಿಡಿದು ಭೂತಗನ್ನಡಿಯಲ್ಲಿ ನೋಡಿದಳು. ಹಸಿ ಮಣ್ಣಿಗೆ ಕಡ್ಡಿ ಒತ್ತಿದರೆ ಅಂಚು ನುಣ್ಣಗಿರುತ್ತದೆ. ಅಕ್ಕಪಕ್ಕದ ಅಕ್ಷರಗಳೆಲ್ಲ ಹಾಗೇ ಇದ್ದವು. ಈ ಗೀರಿನ ಅಂಚು ಮಾತ್ರ ಪುಡಿಪುಡಿ. ಒಣಮಣ್ಣಿನ ಮೇಲೆ ಸೂಜಿ ಆಡಿದ ಗುರುತು. ಅಂದು ಅವಳಿಗೆ ತೋಟ ಬೇಕಾಗಿತ್ತು, ತೋಟವೇ ಕಂಡಿತ್ತು.

ನೆಟ್ಟಗೆ ಗಂಡನ ಕೋಣೆಗೆ ಹೋದಳು.

“ಬೇಕಂತಲೇ ಮಾಡಿದ್ರಾ?”

ಅವನು ಕುಂಚ ಕೆಳಗಿಟ್ಟ. “ಇಲ್ಲ ಕಣೇ. ಉಪ್ಪು ಕೀಳುವಾಗ ಕೈ ಜಾರಿತು. ಹೇಳೋಣ ಅನ್ನೋಷ್ಟರಲ್ಲಿ ‘ಗ ಸಿಕ್ತು, ಗ ಸಿಕ್ತು’ ಅಂತ ಕುಣೀತಾ ಬಂದೆ. ಬಾಯಿ ಕಟ್ಟಿಹೋಯ್ತು.”

“ನಾನು ಕುಣೀಲಿ ಅಂತಲೇ ಕೈ ಜಾರಿತೋ?”

“ನಿನ್ನಾಣೆಗೂ ಇಲ್ಲ.”

ಅವನ ಮುಖವನ್ನೇ ದಿಟ್ಟಿಸಿದಳು. ಏನೂ ತಿಳಿಯಲಿಲ್ಲ.

ತನ್ನ ಓದು ತಪ್ಪೆಂದು, ಗೀರು ಬಿದ್ದ ಬಗೆಯನ್ನೂ ಸೇರಿಸಿ, ಅವಳು ವಿದ್ವತ್ ಪತ್ರಿಕೆಗೆ ಬರೆದಳು. ಅವನೂ ಸಹಿ ಹಾಕಿದ. ಸಂಗ್ರಹಾಲಯದವರು ಅವನನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು. ಮೀಸೆ ಪ್ರೊಫೆಸರ್ ಫೋನ್ ಮಾಡಿ, “ದೊಡ್ಡ ಮನಸ್ಸು ನಿಮ್ದು, ಮೇಡಂ,” ಎಂದರು. ಅದರಲ್ಲೇನು ಹುಳುಕಿದೆಯೋ ಎಂದು ಅವಳು ಅರ್ಧ ದಿನ ತಲೆ ಕೆಡಿಸಿಕೊಂಡಳು.

ಸಂಸಾರವೇನೋ ನಡೆದಿದೆ. ಗ್ಯಾಸ್ ಆರಿಸಿದ್ದೇನೆ ಎಂದು ಅವನು ಹೇಳಿದರೆ ಹೂಂ ಎನ್ನುತ್ತಾಳೆ. ಆಮೇಲೆ ನೀರು ಕುಡಿಯುವ ನೆಪ ಮಾಡಿ ಅಡುಗೆಮನೆಗೆ ಹೋಗಿ ನೋಡಿ ಬರುತ್ತಾಳೆ.