ಮನಾಲಿಯಲ್ಲಿ ಸಂಪಿನ ಲೆಕ್ಕ

ಆಗ ನನಗೆ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಮೂಡಲಪಾಳ್ಯದಿಂದ ಹನ್ನೆರಡು ಹೆಂಗಸರು ಮನಾಲಿಗೆ ಹೊರಟೆವು. ನನ್ನ ವಾರಗಿತ್ತಿ ಜಯಮ್ಮನೂ ಇದ್ದಳು. ಅವಳಿಗೆ ಉಬ್ಬಸ, ಚಳಿ ತಾಗಿದರೆ ಉಸಿರು ಸಿಕ್ಕುವುದಿಲ್ಲ. ಅವಳ ಮಗ ಬೇಡವೆಂದ. ನಾನು ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟು ಕರೆದುಕೊಂಡು ಹೋದೆ. ಮನೆ ಬಿಟ್ಟಾಗ ಬೆಂಗಳೂರಿನಲ್ಲಿ ಇಪ್ಪತ್ತೆರಡು ಡಿಗ್ರಿ.

ಚಂಡೀಗಢದವರೆಗೆ ವಿಮಾನ, ಅಲ್ಲಿಂದ ಬಸ್ಸು. ಹತ್ತು ಗಂಟೆ ಕೂತು ಸೊಂಟ ಹಿಡಿಯಿತು. ಕಟ್ಟಿಕೊಂಡು ಹೋಗಿದ್ದ ನಿಪ್ಪಟ್ಟು ಮೊದಲ ದಿನವೇ ಖಾಲಿ. ಆಮೇಲೆ ಎಲ್ಲಿ ನಿಲ್ಲಿಸಿದರೂ ಆಲೂ ಪರೋಟ.

ಮರುದಿನ ಮನಾಲಿಯಿಂದ ಬೆಟ್ಟದ ಸುರಂಗ ದಾಟಿ, ಆಚೆಯ ಹಿಮ ನೋಡಲು ಹೊರಟೆವು. ದಾರಿಬದಿಯ ಅಂಗಡಿಯಲ್ಲಿ ದಪ್ಪ ಕೋಟು, ಬೂಟು ಬಾಡಿಗೆಗೆ ಕೊಡುತ್ತಾರೆ. ಎರಡಕ್ಕೂ ಸೇರಿ ಮುನ್ನೂರು ರೂಪಾಯಿ. ನಮ್ಮ ಟೂರು ನಡೆಸುತ್ತಿದ್ದ ವಿಜಯನಗರದ ಶಶಿಕಲಾ ಫೋನು ನೋಡಿ, "ಮೇಲೆ ಮೈನಸ್ ಒಂಬತ್ತಿದೆ. ಎಲ್ರೂ ಹಾಕ್ಕೊಳ್ಳಿ ಆಂಟಿ" ಎಂದಳು.

ಜಯಮ್ಮ ಕೋಟು ಮುಟ್ಟಲಿಲ್ಲ. "ಯಾರ್ಯಾರೋ ಹಾಕಿ ಬಿಚ್ಚಿದ್ದು, ನಾತ. ಇಪ್ಪತ್ತೆರಡ್ರಲ್ಲಿ ಒಂಬತ್ತು ಹೋದ್ರೆ ಹದಿಮೂರೇ ವ್ಯತ್ಯಾಸ. ಅಷ್ಟು ನಮ್ಮೂರಲ್ಲೇ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಬದಲಾಗುತ್ತೆ. ನನ್ ಸ್ವೆಟರ್ ಸಾಕು."

"ಕೋಟಿಲ್ದೆ ಮೇಲಕ್ಕೆ ಕರ್ಕೊಂಡ್ ಹೋಗಲ್ಲ ಆಂಟಿ."

"ಹಂಗಾದ್ರೆ ಇಲ್ಲೇ ಕೂತಿರ್ತೀನಿ, ಹೋಗ್ರಿ."

ಅಷ್ಟು ದೂರ ಬಂದು ಹಿಮ ನೋಡದೆ ವಾಪಸ್ಸು ಹೋಗುವುದೇ? ನಾನು ಓದಿದ್ದು ಎರಡನೇ ಕ್ಲಾಸು. ಆದರೆ ನಿಂತು ಮನೆ ಕಟ್ಟಿಸಿದ್ದೇನೆ.

"ಮನೆ ಕಟ್ಟೋವಾಗ ನಿನ್ ಭಾವ ಪೈಪ್ ತಂದಿದ್ದು ನೆನಪಿದ್ಯೇನೇ?"

ಜಯಮ್ಮ ನಕ್ಕಳು. "ಪೈಪು ನೀರು ಮುಟ್ಲೇ ಇಲ್ಲ. ನೆಲದಿಂದ ಮೇಲಿನ ಟ್ಯಾಂಕಿಗೆ ಅಳೆದ್ರು, ನೆಲದಡೀಲಿರೋ ಸಂಪಿನ ಆಳ ಬಿಟ್ಬಿಟ್ರು."

"ಸೊನ್ನೆ ಅಂದ್ರೆ ನೆಲ. ಮೈನಸ್ ಅಂದ್ರೆ ಸಂಪು. ಇಪ್ಪತ್ತೆರಡು ಇಳಿದ್ರೆ ನೆಲ, ಅಲ್ಲಿಂದ ಇನ್ನೂ ಒಂಬತ್ತು ಕೆಳಕ್ಕೆ. ಸಂಪಿನ ಆಳ ಕಳೀತಾರಾ, ಕೂಡ್ತಾರಾ?"

ಅವಳು ಬೆರಳು ಮಡಚಿದಳು. "ಮೂವತ್ತೊಂದು." ಕೋಟಿಗೆ ತೋಳು ತೂರಿಸಿದಳು. "ನಾತ ಮಾತ್ರ ಹೋಗ್ಲಿಲ್ಲ ಅಕ್ಕ."

ಹಿಮದಲ್ಲಿ ಅರ್ಧ ಗಂಟೆ ನಿಂತಳು. ಕೆಮ್ಮಲಿಲ್ಲ. ಮಧ್ಯಾಹ್ನ ಬಿಸಿಲು ಬಂತೆಂದು ಕೆಲವರು ಕೋಟಿನ ಗುಂಡಿ ಬಿಚ್ಚತೊಡಗಿದರು. ಈಗ ಮೈನಸ್ ಎರಡು ಎಂದಳು ಶಶಿಕಲಾ. ಯಾರೂ ಕೇಳದೆಯೇ ಜಯಮ್ಮ, "ಬೆಳಿಗ್ಗೆಯಿಂದ ಏಳೇ ಏರಿರೋದು. ಇನ್ನೂ ಸಂಪಲ್ಲೇ ಇದೀವಿ. ಬಿಚ್ಬೇಡಿ" ಎಂದು ಎಲ್ಲರಿಗೂ ಹೇಳಿದಳು. ನನಗೆ ಹಿಮಕ್ಕಿಂತ ಅದೇ ಚೆನ್ನಾಗಿತ್ತು. ಹೇಳಿಕೊಟ್ಟವಳು ನಾನು.

ಐದನೇ ದಿನ ಸಂಜೆ ಮನೆ ಸೇರಿದೆವು. ಜಯಮ್ಮನನ್ನು ಅವಳ ಮಗನಿಗೆ ಒಪ್ಪಿಸಿದೆ, ಉಬ್ಬಸವಿಲ್ಲದೆ. ಮಾರನೇ ಬೆಳಿಗ್ಗೆ ರಂಗೋಲಿ ಬಿಡುವಾಗ ಸಂಪಿನ ಮುಚ್ಚಳದ ಮೇಲೆ ಒಂದು ದೊಡ್ಡ ಸೊನ್ನೆ ಹಾಕಿ, ಒಳಗೆ ಹೋಗಿ ಮೋಟಾರ್ ಆನ್ ಮಾಡಿದೆ.